ಮೆಣಸಿನ ಬಿಸ್ಕತ್ತು

"ಲವಂಗ ಎಷ್ಟು ಹಾಕಿದೆ?"

ಬೂಟಿನ ಲೇಸು ಬಿಚ್ಚುವುದಕ್ಕೂ ಮೊದಲು ನಾದಿನಿ ಬಾಗಿಲಿನಿಂದಲೇ ಕೂಗಿ ಕೇಳಿದ್ದು ಇದನ್ನು. ಅಡುಗೆಮನೆಯಲ್ಲಿ ಅತ್ತಿಗೆಯ ಎರಡು ಕೈಯೂ ಮಣಿಕಟ್ಟಿನವರೆಗೆ ಹಿಟ್ಟಿನಲ್ಲಿದ್ದವು. ಬೆಣ್ಣೆ, ಕಂದು ಸಕ್ಕರೆ, ಮೈದಾ ಈಗಷ್ಟೇ ಒಂದಕ್ಕೊಂದು ಹೊಂದಿಕೊಳ್ಳುತ್ತಿದ್ದವು. ಕುಟ್ಟಾಣಿಯಲ್ಲಿದ್ದ ಲವಂಗ, ಚಕ್ಕೆ, ಒಣಶುಂಠಿಯ ಘಾಟು ಮನೆಯನ್ನೆಲ್ಲ ತುಂಬಿಕೊಂಡು, ಹೊರಗಿನ ಕೋಣೆಯಲ್ಲಿ ಕೂತಿದ್ದ ಗಂಡ ಆಗಲೇ ಎರಡು ಸಲ ಸೀನಿದ್ದ.

"ಆರು," ಎಂದಳು ಅತ್ತಿಗೆ. ಹೇಳಿದ ಮರುಕ್ಷಣವೇ, "ಕಡಿಮೆ ಅನ್ನಿಸಿದ್ರೆ ಇನ್ನೂ ನಾಲ್ಕು ಕುಟ್ಟಿ ಹಾಕ್ತೀನಿ. ನೀವು ಹೇಗೆ ಹೇಳ್ತೀರೋ ಹಾಗೆ," ಎಂದು ಸೇರಿಸಿದಳು.

ಬಾಗಿಲ ಕಡೆ ಒಂದು ಬೂಟು ನೆಲಕ್ಕೆ ಬಿದ್ದ ಸದ್ದಾಯಿತು. ಸುಮಾರು ಹೊತ್ತಿನ ಮೇಲೆ ಇನ್ನೊಂದು.

ನಾದಿನಿ ಸಿಟಿ ಬಸ್ಸಿನ ಡ್ರೈವರು. ಮನೆಯಲ್ಲಿ ಅವಳಿಗೆ ಹಾರ್ನ್ ಎಂದೇ ಹೆಸರು. ಅವಳು ಬಸ್ಸು ಓಡಿಸಲು ಶುರು ಮಾಡುವುದಕ್ಕೆ ಹತ್ತು ವರ್ಷ ಮೊದಲೇ ಇಟ್ಟ ಹೆಸರದು. ಅಂದು ಬೆಳಗಿನ ಮೊದಲ ಬಸ್ಸು ತೆಗೆದುಕೊಂಡು ಹೋಗಿ, ಮಧ್ಯಾಹ್ನ ಡಿಪೋದಲ್ಲಿ ಗಾಡಿ ಒಪ್ಪಿಸಿ, ಯೂನಿಫಾರ್ಮಿನಲ್ಲೇ ಬಂದಿದ್ದಳು. ಯಾರೂ ಹೇಳದೆಯೇ ನೇರ ಸಿಂಕಿಗೆ ಹೋಗಿ, ತೋಳು ಮಡಚಿ, ಮೊಣಕೈಯವರೆಗೂ ಸೋಪು ಹಚ್ಚಿ ತೊಳೆದುಕೊಂಡಳು. ಅತ್ತಿಗೆಗೆ ಸೋಂಕು ತಗುಲಬಾರದು. ಎಂಟು ತಿಂಗಳ ಹಿಂದೆ ಅವಳ ಮೈಯೊಳಗೆ ಇನ್ನೊಬ್ಬರ ಕಿಡ್ನಿ ಇಟ್ಟಿದ್ದಾರೆ. ಆ ಇನ್ನೊಬ್ಬರು ಈಗ ಸಿಂಕಿನ ಮುಂದೆ ನಿಂತು, ಒರೆಸುವ ಬಟ್ಟೆ ಒದ್ದೆಯಾಗಿದೆ ಎಂದು ಗೊಣಗುತ್ತಿದ್ದರು.

"ಅಯ್ಯೋ, ಬೇರೆ ತಂದುಕೊಡ್ತೀನಿ ಇರಿ," ಎಂದು ಅತ್ತಿಗೆ ಹಿಟ್ಟಿನ ಕೈಯಲ್ಲೇ ಬೀರುವಿನ ಕಡೆ ಓಡಿದಳು.

"ಬೇಡ. ಪ್ಯಾಂಟಿಗೆ ಒರೆಸ್ಕೊಂಡೆ," ಎಂದಳು ನಾದಿನಿ, ಬೇಸರದಿಂದ.

ಅವರಿಬ್ಬರ ಜಗಳಕ್ಕೆ ಆ ಮನೆಯ ಮದುವೆಯಷ್ಟೇ ವಯಸ್ಸು, ಅಂದರೆ ಹತ್ತೊಂಬತ್ತು ವರ್ಷ. ಅತ್ತಿಗೆಯದು ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸ. ರಟ್ಟು, ಅಂಟು, ದಾರ, ಸ್ಟೀಲಿನ ಸ್ಕೇಲು ಇವುಗಳ ನಡುವೆ ಬೆಳೆದವಳು. ಮದುವೆಯಾದ ವರ್ಷವೇ ವರ್ಷದ ಕೊನೆಯ ರಜೆಗೆ ತನ್ನ ತಾಯಿ ಮಾಡುತ್ತಿದ್ದ ಹಾಗೆ ಶುಂಠಿ ಹಾಕಿ, ಸ್ಕೇಲು ಇಟ್ಟು ಕತ್ತರಿಸಿ, ಚೌಕಾಕಾರದ ಬಿಸ್ಕತ್ತು ಮಾಡಿದ್ದಳು. ಈ ಮನೆಯ ಅತ್ತೆ ಮಾಡುತ್ತಿದ್ದದ್ದು ಮೆಣಸು ಹಾಕಿದ, ಲೋಟದ ಬಾಯಲ್ಲಿ ಒತ್ತಿದ ಗುಂಡನೆಯದು. ನಾದಿನಿ ಅತ್ತಿಗೆಯ ಚೌಕ ಬಿಸ್ಕತ್ತನ್ನು ಒಂದು ತುಂಡು ಕಚ್ಚಿ, ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ. ಇದಕ್ಕೆ ಬಟ್ಟೆ ಸುತ್ತಿದ್ರೆ ನಿನ್ನ ಪುಸ್ತಕಕ್ಕೆ ಬೇರೆ ರಟ್ಟೇ ಬೇಡ," ಎಂದಿದ್ದಳು. ಹೊಸ ಸೊಸೆ ಎಲ್ಲರೆದುರು, "ನಿನ್ನ ಬಸ್ಸಿಗಾದ್ರೂ ಬ್ರೇಕಿದೆ," ಎಂದಳು. ಅತ್ತೆ ನಗು ತಡೆಯಲಾರದೆ ಹಿತ್ತಲಿಗೆ ಹೋದರು.

ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಪ್ರತಿ ರಜೆಗೂ ಎರಡು ಡಬ್ಬಿ. ಗಂಡನಾದವನು ಎರಡರಿಂದಲೂ ಲೆಕ್ಕ ಹಿಡಿದು ತಿನ್ನಬೇಕು, ತಿನ್ನುವಾಗ ಮುಖ ಒಂದೇ ತರಹ ಇಟ್ಟುಕೊಳ್ಳಬೇಕು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು. ಎರಡು ಗಾಜಿನ ನಡುವಿನ ಮೂಗಿನ ಪಾಡು ತನ್ನದು ಎಂದು ಸ್ನೇಹಿತರಿಗೆ ಹೇಳಿಕೊಳ್ಳುತ್ತಿದ್ದ. ಅತ್ತೆ ಹೋದ ಮೇಲೂ ನಾದಿನಿ ವಾರಕ್ಕೊಂದು ಸಲವಾದರೂ ಬಂದು, ಪರದೆಯ ಬಣ್ಣದಿಂದ ಹಿಡಿದು ಪಾತ್ರೆ ಜೋಡಿಸುವ ರೀತಿಯವರೆಗೆ ಎಲ್ಲಕ್ಕೂ ಕೊಂಕು ತೆಗೆದು, ತಾನೂ ಅನ್ನಿಸಿಕೊಂಡು, ಹೊಟ್ಟೆ ತುಂಬ ಊಟ ಮಾಡಿ ಹೋಗುತ್ತಿದ್ದಳು. ಮದುವೆ ಆಗಲಿಲ್ಲ. ಡಿಪೋದ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು.

ಆಮೇಲೆ ಅತ್ತಿಗೆಯ ಕಾಲು ಊದಿಕೊಂಡಿತು. ಬಹಳ ವರ್ಷದಿಂದ ಗೊತ್ತಿಲ್ಲದೆ ಏರಿದ್ದ ರಕ್ತದೊತ್ತಡ ಎರಡೂ ಕಿಡ್ನಿಯನ್ನು ತಿಂದು ಹಾಕಿತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಕೈಗೆ ದಪ್ಪ ಸೂಜಿ ಚುಚ್ಚಿ ರಕ್ತವನ್ನು ಯಂತ್ರಕ್ಕೆ ಹರಿಸಿ ತೊಳೆದು ಮತ್ತೆ ಮೈಗೆ ಬಿಡುವ ಡಯಾಲಿಸಿಸ್ಸು ಮೂರು ವರ್ಷ ನಡೆಯಿತು. ಕುಡಿಯಲು ದಿನಕ್ಕೆ ಮೂರೇ ಲೋಟ ನೀರು. ಅದು ತಿನ್ನಬಾರದು, ಇದು ಮುಟ್ಟಬಾರದು. ಬಿಸ್ಕತ್ತಿನ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ಆ ಮೂರು ರಜೆಯಲ್ಲಿ ನಾದಿನಿಯೂ ಮಾಡಲಿಲ್ಲ. ಕೇಳಿದರೆ, "ಪೈಪೋಟಿ ಇಲ್ಲದೆ ಏನು ಮಾಡೋದು, ಬೇಜಾರು," ಎಂದು ಹಾರಿಸಿದ್ದಳು.

ಆದರೆ ಜಗಳ ಬಿಡಲಿಲ್ಲ. ಡ್ಯೂಟಿ ಮುಗಿಸಿ ಆಸ್ಪತ್ರೆಗೆ ಬಂದು, ಯಂತ್ರದ ಪಕ್ಕ ಸ್ಟೂಲು ಎಳೆದುಕೊಂಡು, ಅತ್ತಿಗೆ ಹೊದ್ದ ಶಾಲಿನ ಬಣ್ಣದಿಂದ ಶುರು ಮಾಡುತ್ತಿದ್ದಳು. ಒಂದು ಸಲ ದನಿ ಎಷ್ಟು ಏರಿತೆಂದರೆ ನರ್ಸು ಬಂದು, "ಇವರು ನಿಮ್ಮವರೇನಾ? ಹೊರಗೆ ಕಳಿಸಲಾ?" ಎಂದು ಅತ್ತಿಗೆಯನ್ನು ಕೇಳಿದ್ದಳು. "ನಮ್ಮವಳೇ, ಏನು ಮಾಡೋದು," ಎಂದಿದ್ದಳು ಅತ್ತಿಗೆ. ನಾಲ್ಕು ಗಂಟೆ ಕಳೆದದ್ದೇ ಗೊತ್ತಾಗಿರಲಿಲ್ಲ.

ಗಂಡನಿಗೆ ಸಕ್ಕರೆ ಕಾಯಿಲೆ, ಅವನ ಕಿಡ್ನಿ ಬೇಡವೆಂದರು. ಅತ್ತಿಗೆಯ ತವರಿನ ಕಡೆ ಹೊಂದುವವರು ಸಿಗಲಿಲ್ಲ. ಹೀಗಿರುವಾಗ ಒಂದು ಸಂಜೆ ನಾದಿನಿ ಬಂದು, ಊಟಕ್ಕೆ ಉಪ್ಪು ಜಾಸ್ತಿ ಎಂದು ದೂರಿ, ಕೈ ತೊಳೆಯುತ್ತ, "ನಂದು ಹೊಂದುತ್ತಂತೆ. ಎಲ್ಲ ಪರೀಕ್ಷೆ ಮಾಡಿಸಿದೆ. ಯಾವತ್ತು ಬೇಕು ಹೇಳು, ಡಿಪೋದಲ್ಲಿ ರಜೆ ಬರೆದುಕೊಡಬೇಕು," ಎಂದಳು. ನೆರೆಮನೆಗೆ ಬಾಣಲೆ ಎರವಲು ಕೊಡುವವರ ಹಾಗೆ.

ಆಪರೇಷನ್ನಿನ ಮರುದಿನ ಅತ್ತಿಗೆ ಕಣ್ಣು ಬಿಟ್ಟಾಗ ಡಾಕ್ಟರು, "ಹೊಲಿಗೆ ಹಾಕೋ ಮುಂಚೇನೇ ಅದು ಕೆಲಸ ಶುರು ಮಾಡ್ತು, ಇಂಥ ಆತುರದ ಕಿಡ್ನಿ ನಾನು ನೋಡಿಲ್ಲ," ಎಂದರು. ಅತ್ತಿಗೆ ನಗಲು ಹೋಗಿ ನೋವಿಗೆ ಅತ್ತಳು. ಅದಾದ ಮೇಲೆ ಅವಳಿಗೆ ಮಾತು ಕಟ್ಟಿಹೋಯಿತು. ಥ್ಯಾಂಕ್ಸ್ ಅನ್ನೋಣವೆಂದರೆ, ಕಾಗದ ತಂದುಕೊಡುವ ಪೋಸ್ಟ್‌ಮ್ಯಾನಿಗೂ ಅದನ್ನೇ ಅನ್ನುತ್ತೇವೆ. ಒಳ್ಳೆಯ ಚರ್ಮದ ಹೊದಿಕೆ ಹಾಕಿ ಒಂದು ನೋಟುಬುಕ್ಕು ಹೊಲಿದು ಕೊಟ್ಟಳು. ಉಣ್ಣೆಯ ಮೇಲಂಗಿ ಹೆಣೆದು ಕೊಟ್ಟಳು. ಯಾವುದೂ ಸಾಲದು ಅನ್ನಿಸುತ್ತಿತ್ತು. ಸಾಲದ್ದನ್ನು ತುಂಬಿಸಲು ಅವಳು ಬಗ್ಗತೊಡಗಿದಳು. ನಾದಿನಿ ಬಂದರೆ ಎದ್ದು ನಿಲ್ಲುವಳು, ಕೂರುವ ಕುರ್ಚಿ ಒರೆಸುವಳು. ಹತ್ತೊಂಬತ್ತು ವರ್ಷದ "ನೀನು" ಯಾವ ದಿನ "ನೀವು" ಆಯಿತೋ ಅವಳಿಗೇ ತಿಳಿಯದು. ನಾದಿನಿ ಬರುವುದು ಕಡಿಮೆಯಾಯಿತು. ಕಳೆದ ಮೂರು ಭಾನುವಾರ ಬಂದೇ ಇರಲಿಲ್ಲ. ಡ್ಯೂಟಿ ಜಾಸ್ತಿಯಿರಬೇಕು ಎಂದುಕೊಂಡಿದ್ದಳು ಅತ್ತಿಗೆ.

"ಮೆಣಸು ಎಲ್ಲಿ?" ಎಂದಳು ನಾದಿನಿ ಈಗ.

"ಮೇಲಿನ ಶೆಲ್ಫಿನಲ್ಲಿದೆ. ನೀವು ಬಂದ್ರೆ ಬೇಕಾಗುತ್ತೆ ಅಂತ ಪುಡಿ ಮಾಡಿಟ್ಟಿದ್ದೀನಿ."

ನಾದಿನಿ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಒಂದು ಚಮಚ ಮೆಣಸಿನ ಪುಡಿಯನ್ನು ಆ ಹಿಟ್ಟಿನ ಮೇಲೆ ಸುರಿದಳು. ಅದು ಅತ್ತಿಗೆಯ ಹಿಟ್ಟು. ಹತ್ತೊಂಬತ್ತು ವರ್ಷದಲ್ಲಿ ಅದಕ್ಕೆ ಒಂದು ಕಾಳು ಮೆಣಸು ಬಿದ್ದಿರಲಿಲ್ಲ.

"ಸಾಕಾ?"

"ನಿಮಗೆ ಸರಿ ಅನ್ನಿಸಿದಷ್ಟು."

ಇನ್ನೊಂದು ಚಮಚ ಬಿತ್ತು. "ಈಗ?"

"ಆಗಲಿ, ಪರವಾಗಿಲ್ಲ."

ಮೂರನೆಯ ಚಮಚವನ್ನು ನಾದಿನಿ ಬೇಕೆಂದೇ ನಿಧಾನವಾಗಿ, ಅತ್ತಿಗೆಯ ಮುಖವನ್ನೇ ನೋಡುತ್ತ ಸುರಿದಳು. "ಖಾರ ಆಗಲ್ವಾ?"

"ನೀವು ಹಾಕಿದ ಮೇಲೆ ಸರಿಯಾಗೇ ಇರುತ್ತೆ ಬಿಡಿ," ಎಂದು ಅತ್ತಿಗೆ ನಕ್ಕಳು. ಆ ನಗುವಿಗೆ ಅವಳ ಕೆನ್ನೆಯೇ ನೋಯುತ್ತಿತ್ತು.

ನಾದಿನಿ ಡಬ್ಬಿಯ ಮುಚ್ಚಳವನ್ನು ಫಟ್ಟೆಂದು ಒತ್ತಿದಳು. "ಈ ಸಲ ರಜೆಗೆ ನಾನು ಬರಲ್ಲ. ಎಂಟು ದಿನವೂ ಡ್ಯೂಟಿ ಬರೆಸಿದ್ದೀನಿ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಅತ್ತಿಗೆಯ ಕೈ ಹಿಟ್ಟಿನಲ್ಲೇ ನಿಂತಿತು. ಈ ಸಲದ ರಜೆಗಾಗಿಯೇ ಅವಳು ಒಂದು ತಿಂಗಳಿಂದ ದಿನ ಎಣಿಸಿದ್ದಳು. ದಿನಕ್ಕೆ ಎರಡು ಬಿಸ್ಕತ್ತು ತಿನ್ನಬಹುದು ಎಂದು ಡಾಕ್ಟರು ಹೇಳಿದ ದಿನ, ಬಸ್ಸಿನಲ್ಲಿ ಬರುವಾಗಲೇ ಬೆಣ್ಣೆ, ಮೈದಾದ ಪಟ್ಟಿ ಬರೆದುಕೊಂಡಿದ್ದಳು. "ಎಂಟು ದಿನವೂ? ನನ್ನಿಂದ ಏನಾದರೂ ತಪ್ಪಾಯ್ತಾ? ಆಗಿದ್ರೆ ದಯವಿಟ್ಟು..."

"ನೋಡು! ಇದೇ!" ನಾದಿನಿಯ ದನಿ ಮಾಳಿಗೆಗೆ ತಾಕಿತು. "ದಯವಿಟ್ಟು! ಯಾವತ್ತಾದ್ರೂ ನನಗೆ ದಯವಿಟ್ಟು ಅಂದಿದ್ದೀಯಾ ನೀನು? ನಾನು ಬಂದ್ರೆ ಎದ್ದು ನಿಲ್ತೀಯ. ಕುರ್ಚಿ ಒರೆಸ್ತೀಯ. ಟೀವಿ ರಿಮೋಟು ತಂದು ಕೈಗೆ ಕೊಡ್ತೀಯ. ನಾನೇನು ಈ ಮನೆಗೆ ಇನ್ಸ್‌ಪೆಕ್ಷನ್ನಿಗೆ ಬಂದಿದ್ದೀನಾ? ಹೋದ ತಿಂಗಳು ನಿನ್ನ ಪರದೆ ನೋಡಿದ್ರೆ ವಾಂತಿ ಬರುತ್ತೆ ಅಂದೆ. ಮಾರನೇ ವಾರ ಬಂದು ನೋಡಿದ್ರೆ ಪರದೇನೇ ಬದಲಾಯಿಸಿದ್ದೀಯ!"

"ನಿಮಗೆ ಹಿಡಿಸಲಿಲ್ಲ ಅಂತ..."

"ನನಗೆ ಹಿಡಿಸ್ತಿತ್ತು ಕಣೇ ಆ ಪರದೆ!" ನಾದಿನಿ ಮೂಗೊರೆಸಿಕೊಂಡಳು. ಮುಂದಿನ ಮಾತು ಬಂದಾಗ ದನಿಯಲ್ಲಿ ಹಾರ್ನ್ ಇರಲಿಲ್ಲ. "ದಿನಾ ಸಾವಿರ ಜನ ನನ್ನ ಬಸ್ಸು ಹತ್ತಿ ಇಳೀತಾರೆ. ಕೋಣೆಗೆ ಹೋದ್ರೆ ಗೋಡೆ. ಬಾಯಿ ತುಂಬ ಬೈಯೋಕೆ, ಬೈಸಿಕೊಳ್ಳೋಕೆ ಅಂತ ಇದ್ದವಳು ನೀನೊಬ್ಬಳು. ಒಂದು ಕಿಡ್ನಿ ಹೋಯ್ತು, ಹೋಗಲಿ. ಅದಿಲ್ಲದೇನೂ ಬಸ್ಸು ಓಡಿಸ್ತಿದ್ದೀನಿ. ಆದ್ರೆ ಅದರ ಜೊತೆ ನನ್ನ ತವರುಮನೇನೂ ಹೋಗ್ಬಿಡ್ತಲ್ಲ? ಅದನ್ನ ಕೊಡ್ತೀನಿ ಅಂತ ನಾನು ಯಾವ ಕಾಗದಕ್ಕೂ ಸೈನ್ ಹಾಕಿರಲಿಲ್ಲ."

ಕ್ಷಮಿಸಿ ಎಂಬ ಮಾತು ಅಭ್ಯಾಸಬಲದಿಂದ ಅತ್ತಿಗೆಯ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿದಳು. ಏನು ಮಾಡಲೂ ತೋಚದೆ ತಲೆ ತಗ್ಗಿಸಿದಳು. ಕಣ್ಣ ಮುಂದೆ ಹಿಟ್ಟಿನ ಬೋಗುಣಿಯಿತ್ತು. ಬೆಳಗಿನಿಂದ ಶುಂಠಿ ಕುಟ್ಟಿ, ಜರಡಿ ಹಿಡಿದು, ಬೆಣ್ಣೆ ಹದಕ್ಕೆ ಬರುವವರೆಗೆ ಕಾದು ಕಲಸಿದ ಹಿಟ್ಟು. ಮೂರು ವರ್ಷದ ಮೇಲೆ ಮೊದಲ ಸಲ. ಅದರ ತುಂಬ ಕರಿ ಚುಕ್ಕೆ, ಸೊಳ್ಳೆ ಸತ್ತುಬಿದ್ದ ಹಾಗೆ. ನೋಡುತ್ತ ನೋಡುತ್ತ ಅವಳು ಲಟ್ಟಣಿಗೆ ಕೈಗೆತ್ತಿಕೊಂಡಳು, ಸಿಟ್ಟು ಬಂದಿತ್ತು. ಹಳೆಯ ಪರಿಚಯದ್ದೇ.

"ಹೋಗ್ತೀಯಾ? ಹೋಗು," ಎಂದಳು. "ಆದ್ರೆ ಹೋಗೋ ಮುಂಚೆ ನನ್ನ ಹಿಟ್ಟಿನಿಂದ ಈ ಮೆಣಸು ಒಂದೊಂದೇ ಹೆಕ್ಕಿ ಹೋಗು!"

ನಾದಿನಿ ಮೆಣಸಿನ ಚಮಚವನ್ನು ಮತ್ತೆ ಕೈಗೆತ್ತಿಕೊಂಡಳು.

"ಯಾರೇ ಹೇಳಿದ್ರು ನಿನಗೆ ಮೂರು ಚಮಚ ಹಾಕು ಅಂತ? ಇದೇನು ಬಿಸ್ಕತ್ತಾ, ಗಂಟಲುನೋವಿನ ಔಷಧಿನಾ? ನಿಮ್ಮಮ್ಮನೂ ಅರ್ಧ ಚಮಚದ ಮೇಲೆ ಹಾಕ್ತಿರಲಿಲ್ಲ. ಅವರ ಕೈಯಲ್ಲಿದ್ದ ರುಚಿ ನಿನ್ನ ಕೈಗೆ ಬರ್ಲಿಲ್ಲ ಅಂತ ಮೆಣಸು ಸುರಿದು ಸುರಿದು ಮುಚ್ಚಿಕೊಳ್ತಾ ಬಂದಿದ್ದೀಯ, ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಆ ಹೊಸ ಪರದೆ ಹೊಲಿಯೋಕೆ ನಾಲ್ಕು ದಿನ ಹಿಡೀತು ನನಗೆ! ನಾಲ್ಕು ದಿನ!"

"ನನ್ನ ಕೈಗೆ ರುಚಿ ಇಲ್ವಾ?" ನಾದಿನಿಯ ಕಣ್ಣು ಹೊಳೆಯತೊಡಗಿತು. "ಸ್ಕೇಲು ಹಿಡಿದು ಬಿಸ್ಕತ್ತು ಕತ್ತರಿಸೋಳು ಹೇಳ್ತಿದ್ದಾಳೆ, ಕೇಳಿ!"

"ಲೋಟ ಒತ್ತಿ ಅರ್ಧ ಹಿಟ್ಟು ಹಾಳು ಮಾಡೋಳಿಗಿಂತ ವಾಸಿ!"

ಹೊರಗಿನ ಕೋಣೆಯಿಂದ ಗಂಡ ಕೈಯಲ್ಲಿ ಕನ್ನಡಕದ ಪುಟ್ಟ ಸ್ಕ್ರೂಡ್ರೈವರು ಹಿಡಿದೇ ಓಡಿಬಂದ. ಒಬ್ಬಳ ಕೈಯಲ್ಲಿ ಲಟ್ಟಣಿಗೆ, ಇನ್ನೊಬ್ಬಳ ಕೈಯಲ್ಲಿ ಚಮಚ. "ಏನಾಯ್ತು? ಯಾಕೆ? ಬಿ.ಪಿ. ಏರುತ್ತೆ, ಸ್ವಲ್ಪ..."

"ನೀನು ಹೋಗಣ್ಣ!"

"ನೀವು ಸುಮ್ನಿರಿ!"

ಇಬ್ಬರೂ ಒಟ್ಟಿಗೆ ಹೇಳಿದರು. ಅವನು ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿದ. ತನ್ನ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತ, ಬಂದ ದಾರಿಯಲ್ಲೇ ಹೊರಟುಹೋದ. ಕೂತ ಮೇಲೂ ಬಹಳ ಹೊತ್ತು ಒರೆಸುತ್ತಲೇ ಇದ್ದ.

ಅತ್ತಿಗೆಗೆ ಏದುಸಿರು ಬಂದಿತ್ತು. ಲಟ್ಟಣಿಗೆ ಕೆಳಗಿಟ್ಟು, ಕಟ್ಟೆಗೆ ಒರಗಿ ನಿಂತು, ಎಲ್ಲಿಂದಲೋ ಮುರಿದು ತಂದ ಹಾಗೆ ಹೇಳಿದಳು. "ನನಗೆ ಹೇಳೋಕೆ ಬರಲ್ಲ ಕಣೇ. ಎಂಟು ತಿಂಗಳಿಂದ ಹುಡುಕ್ತಿದ್ದೀನಿ, ಒಂದು ಮಾತೂ ಸಿಗ್ಲಿಲ್ಲ. ಮೂರು ವರ್ಷ ಒಂದು ಹನಿ ಹೋಗ್ತಿರಲಿಲ್ಲ ನನಗೆ. ಈಗ ದಿನಾ ಬೆಳಗ್ಗೆ ಬಚ್ಚಲಿಗೆ ಹೋಗಿ ಕೂತ್ರೆ ಸರಾಗವಾಗಿ ಹೋಗುತ್ತಲ್ಲ, ಆಗ ನಿನ್ನ ನೆನೆಸ್ಕೊಳ್ತೀನಿ. ದಿನಾ. ಅಳು ಬರುತ್ತೆ ನನಗೆ."

ನಾದಿನಿ ಚಮಚವನ್ನು ಸಿಂಕಿಗೆ ಹಾಕಿದಳು. ಆಮೇಲೆ, "ನನ್ನ ನೆನೆಸ್ಕೊಳ್ಳೋಕೆ ಒಳ್ಳೇ ಜಾಗ ಹುಡುಕಿದ್ದೀಯ," ಎಂದಳು.

ಮೊದಲು ಯಾರು ನಕ್ಕರೋ ಹೇಳಲಾಗದು. ಅತ್ತಿಗೆ ಹೊಲಿಗೆಯ ಗುರುತಿನ ಮೇಲೆ ಕೈಯೊತ್ತಿಕೊಂಡು ನಕ್ಕಳು, ನಾದಿನಿ ತನ್ನ ಎಡಗಡೆಯ ಪಕ್ಕೆ ಹಿಡಿದುಕೊಂಡು ನಕ್ಕಳು. ಕಣ್ಣೀರು ಒರೆಸಿಕೊಳ್ಳಲು ಹೋಗಿ ಅತ್ತಿಗೆಯ ಮುಖಕ್ಕೆಲ್ಲ ಹಿಟ್ಟಾಯಿತು. ಮೆಣಸಿನ ಕೈಯಲ್ಲಿ ಕಣ್ಣು ಮುಟ್ಟಿಕೊಂಡ ನಾದಿನಿ ಕುಣಿದಾಡುತ್ತ ಸಿಂಕಿಗೆ ಓಡಿದಳು.

"ಡ್ಯೂಟಿ ಬದಲಾಯಿಸ್ತೀಯೋ ಇಲ್ವೋ?" ಎಂದಳು ಅತ್ತಿಗೆ, ಅವಳ ಕಣ್ಣಿಗೆ ನೀರು ಚಿಮುಕಿಸುತ್ತ.

"ಎಂಟೂ ದಿನ ಆಗಲ್ಲ. ನಾಲ್ಕು ದಿನ ಕೇಳ್ತೀನಿ. ಹೊಸದಾಗಿ ಸೇರಿದವಳೊಬ್ಬಳಿಗೆ ಎಕ್ಸ್‌ಟ್ರಾ ಡ್ಯೂಟಿ ಬೇಕಂತೆ."

"ಐದು ದಿನ ಕೇಳು."

"ನಾಲ್ಕು ಅಂದೆನಲ್ಲ."

"ಐದು."

ಹಿಟ್ಟನ್ನು ಎಸೆಯುವ ಮಾತೇ ಇರಲಿಲ್ಲ. ಅತ್ತಿಗೆ ಅಷ್ಟೇ ಮೈದಾ, ಅಷ್ಟೇ ಬೆಣ್ಣೆ, ಸಕ್ಕರೆ ಮತ್ತೆ ಸೇರಿಸಿ ಖಾರವನ್ನು ಸ್ವಲ್ಪ ಇಳಿಸಿದಳು. ಹಿಟ್ಟು ಎರಡರಷ್ಟಾಯಿತು. ಅರ್ಧವನ್ನು ಅವಳು ಸ್ಕೇಲು ಇಟ್ಟು ಕತ್ತರಿಸಿದಳು, ಅರ್ಧವನ್ನು ನಾದಿನಿ ಲೋಟದಲ್ಲಿ ಒತ್ತಿದಳು. ಲಟ್ಟಿಸುವ ದಪ್ಪದ ವಿಷಯಕ್ಕೆ ಒಂದು ಸಲ, ಓವನ್ನಿನ ಶಾಖದ ವಿಷಯಕ್ಕೆ ಎರಡು ಸಲ ಮಾತು ಬೆಳೆಯಿತು. ಮೊದಲ ಟ್ರೇ ಹೊರಬಂದಾಗ ಅಂಚು ಕಂದಿ, ನಡುವೆ ಸಣ್ಣ ಬಿರುಕು ಬಿಟ್ಟು, ಒಳ್ಳೆಯ ಹದಕ್ಕೆ ಬಂದಿದ್ದವು. ಅತ್ತಿಗೆ ಒಂದು ಗುಂಡು ಬಿಸ್ಕತ್ತು ಎತ್ತಿಕೊಂಡು, ಊದಿ ಊದಿ ಆರಿಸಿ, ಕಚ್ಚಿದಳು. ಮೊದಲು ಬೆಣ್ಣೆ, ಆಮೇಲೆ ಶುಂಠಿ, ಆಮೇಲೆ ಎಲ್ಲೋ ಹಿಂದಿನಿಂದ ಮೆಣಸು ಬಂದು ನಾಲಿಗೆಯ ಬುಡವನ್ನು ಮುಟ್ಟಿತು. ಮೂರು ವರ್ಷ ಉಪ್ಪು, ಸಕ್ಕರೆಗಳ ಆಸೆಯನ್ನೇ ಮರೆತಿದ್ದ ನಾಲಿಗೆ. ಅವಳು ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು.

"ಹೇಗಿದೆ?" ನಾದಿನಿ ಉಸಿರು ಬಿಗಿಹಿಡಿದು ಕೇಳಿದಳು.

"ಮೆಣಸು ಜಾಸ್ತಿ," ಎಂದು ಅತ್ತಿಗೆ ಎರಡನೆಯದಕ್ಕೆ ಕೈ ಹಾಕಿದಳು.

ಟ್ರೇ ಮೇಲೆ ಟ್ರೇ ಬೆಂದು ಬಂತು. ಮೇಜು ತುಂಬಿತು, ಕಿಟಕಿಯ ಕಟ್ಟೆಯ ಮೇಲೂ ಬಿಸ್ಕತ್ತು ಹರಡಿದರು. ಕೊನೆಯ ಟ್ರೇಯನ್ನು ಒಳಗಿಟ್ಟು ಇಬ್ಬರೂ ಅಡುಗೆಮನೆಯ ನೆಲದ ಮೇಲೆಯೇ ಗೋಡೆಗೆ ಒರಗಿ ಕಾಲು ಚಾಚಿ ಕುಳಿತರು. ನಾದಿನಿ ಬೆಳಗ್ಗೆ ತನ್ನ ಬಸ್ಸಿನಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಹತ್ತಿದ ಒಬ್ಬ ಮುದುಕಿಯ ಕಥೆ ಹೇಳುತ್ತಿದ್ದಳು. ಬುಟ್ಟಿಯಿಂದ ಬೆಕ್ಕು ತಪ್ಪಿಸಿಕೊಂಡು ಸೀಟಿನ ಕೆಳಗೆ ಸೇರಿ, ಇಡೀ ಬಸ್ಸು ಬಗ್ಗಿ ಹುಡುಕುವ ಹೊತ್ತಿಗೆ ಮಾತು ಎಳೆಯತೊಡಗಿತು, ನಡುವೆ ಒಂದೆರಡು ಪದ ಬಿಟ್ಟುಹೋಯಿತು, ಕೊನೆಗೆ ನಿಂತಿತು. ಅವಳ ತಲೆ ವಾಲಿ ಅತ್ತಿಗೆಯ ಹೆಗಲ ಮೇಲೆ ಬಂದು ಕೂತಿತು.

ಅತ್ತಿಗೆ ಅಲುಗಲಿಲ್ಲ. ಕಿಟಕಿಯಿಂದ ಬಂದ ಇಳಿಬಿಸಿಲು ನೆಲದ ಮೇಲೆ ಚೆಲ್ಲಿದ್ದ ಮೈದಾದ ಮೇಲೆ ಬಿದ್ದಿತ್ತು. ಓವನ್ನಿನ ಗಂಟೆ ಟಣ್ ಎಂದಿತು. ಏಳಬೇಕು ಅಂದುಕೊಂಡಳು. ಹೆಗಲ ಮೇಲಿನ ಉಸಿರು ಒಂದೇ ಸಮನೆ ಬಂದು ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಸಕ್ಕರೆ ಸೀಯುವ ವಾಸನೆ ತೆಳ್ಳಗೆ ಹರಡಿತು.

ಗಂಡ ಬಾಗಿಲಿಗೆ ಬಂದು, "ಏನೋ ಸೀದ..." ಎಂದು ಬಾಯಿ ತೆರೆದ.

ಅತ್ತಿಗೆ ಹಿಟ್ಟು ಮೆತ್ತಿದ ಬೆರಳನ್ನು ತುಟಿಯ ಮೇಲಿಟ್ಟಳು. ಅವನು ತುದಿಗಾಲಲ್ಲಿ ಬಂದು, ಬಗ್ಗಿ, ಗುಂಡಿ ಕಟಕ್ಕೆನ್ನದ ಹಾಗೆ ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ. ಓವನ್ನಿನೊಳಗಿನ ದೀಪ ಆರಿತು. ಅವನು ಕೂಡ ಅಲ್ಲೇ, ಹೊಸ್ತಿಲ ಮೇಲೆ ಕುಳಿತುಕೊಂಡ.